ಒಂದು ಕಿಲೋ ಚಿಕ್ಕಿ

ಹೆಣ್ಣು ನೋಡಲು ಬರುವವರು ಪೇಡೆ ತರುತ್ತಾರೆ, ಹಣ್ಣು ತರುತ್ತಾರೆ. ತುಷಾರ ತಂದದ್ದು ಒಂದು ಕಿಲೋ ಶೇಂಗಾ ಚಿಕ್ಕಿ. ಮಾಧವನಗರದಲ್ಲಿ, ವೃಷಾಲಿಯ ಚಿಕ್ಕಮ್ಮ ಇಂದ್ರವ್ವ ಮಾವಶಿಯ ಮನೆಯಲ್ಲಿ, ಟೀಪಾಯಿಯ ಮೇಲೆ ಆ ಡಬ್ಬಿ ಇಟ್ಟು, ಏನೋ ಗೆದ್ದವನಂತೆ ವೃಷಾಲಿಯ ಮುಖ ನೋಡಿದ.

ವೃಷಾಲಿ ಮಹಾರಾಷ್ಟ್ರದ ಗಡಿಯ ಮಿರಜದ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಾಳೆ. ನಕ್ಷತ್ರಗಳೆಂದರೆ ಪ್ರಾಣ, ಮನುಷ್ಯರೆಂದರೆ ಅಷ್ಟಕ್ಕಷ್ಟೆ. ಹೋದ ವರ್ಷ ಬಂದಿದ್ದ ಬಾಳಾಸಾಹೇಬ ಎಂಬ ಮಹಾಶಯ ಇಂಟರ್ನೆಟ್ಟಿನಲ್ಲಿ ದುಡ್ಡು ಕಟ್ಟಿ ಒಂದು ನಕ್ಷತ್ರಕ್ಕೆ ಅವಳ ಹೆಸರಿಡಿಸಿ, ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ತಂದಿದ್ದ. ನಕ್ಷತ್ರಕ್ಕೆ ಹೆಸರಿಡುವುದು ಖಗೋಳ ವಿಜ್ಞಾನಿಗಳ ಸಂಘ, ಅಂಗಡಿಯವರಲ್ಲ. ಈ ಕಾಗದ ಭಜಿ ಕಟ್ಟಲಿಕ್ಕೆ ಬಂದೀತು ಎಂದು ಹೇಳಿ, ಚಹಾ ಮುಗಿಯುವ ಮೊದಲೇ ಅವನನ್ನು ಎಬ್ಬಿಸಿ ಕಳಿಸಿದ್ದಳು. ಅಂಥ ಪೆದ್ದನ ಮೇಲೆ ಅವಳಿಗೆ ಇವತ್ತಿಗೂ ಕನಿಕರವಿಲ್ಲ.

ತುಷಾರನ ಮಾತು ಬೇರೆ. ದೀಪಾವಳಿಗೆ ಮೊದಲು, ಧ್ವನಿಯ ಪಾಠಕ್ಕೆಂದು ವಿದ್ಯಾರ್ಥಿಗಳನ್ನು ಸಿತಾರ ಮಾಡುವ ಅಂಗಡಿಗೆ ಕರೆದೊಯ್ದಾಗ ಅವನನ್ನು ಕಂಡಿದ್ದಳು. ಸಿತಾರಕ್ಕೆ ಬುರುಡೆಯಾಗುವ ಒಣ ಕುಂಬಳಕಾಯಿಗಳ ನಡುವೆ, ಒಂದು ಕಣ್ಣು ಮುಚ್ಚಿ, ಸಿತಾರದ ಉದ್ದನೆಯ ದಂಡಿ ನೆಟ್ಟಗಿದೆಯೇ ಎಂದು ನೋಡುತ್ತ ಕುಳಿತಿದ್ದ. ನಲವತ್ತು ಮಂದಿ ಗದ್ದಲ ಹಾಕಿದರೂ ತಲೆ ಎತ್ತಲಿಲ್ಲ. ಕೆಲಸದಲ್ಲಿ ಹೀಗೆ ಮುಳುಗಿದ ಗಂಡಸನ್ನು ಅವಳು ನೋಡಿದ್ದು ಅದೇ ಮೊದಲು. ಮೂರು ವಾರ ತಡೆದುಕೊಂಡು, ಕೊನೆಗೆ ಮಾವಶಿಗೆ ತಾನೇ ಹೇಳಿದ್ದಳು. ಇವನೇ ಬೇಕು ಎಂದು ಮನಸ್ಸು ಹೇಳುತ್ತಿತ್ತು. ಆದರೆ ಅವಳ ನಾಲಿಗೆ ಯಾರ ಮಾತನ್ನೂ ಕೇಳಿದ್ದಲ್ಲ.

"ಇದೇನ್ರಿ?"

"ಚಿಕ್ಕಿ. ಹುಡುಗಿಗೆ ಚಿಕ್ಕಿ ಅಂದ್ರ ಜೀವ ಅಂತ ಮಾವಶಿ ಫೋನಿನ್ಯಾಗ ಹೇಳಿದ್ರು."

ಒಳಗೆ ಚಹಾ ಸೋಸುತ್ತಿದ್ದ ಇಂದ್ರವ್ವ ಹಣೆ ಬಡಿದುಕೊಂಡದ್ದು ಹೊರಗೂ ಕೇಳಿಸಿತು.

"ನಮ್ಮ ಮಾತಿನ್ಯಾಗ ಚಿಕ್ಕಿ ಅಂದ್ರ ನಕ್ಷತ್ರ ರೀ. ನಮ್ಮೂರು ಸಲಗರೆಯಾಗ ನಮ್ಮ ಅಜ್ಜ ಬೆಳ್ಳಿಚಿಕ್ಕಿ ನೋಡಿ ಕುರಿ ಎಬ್ಬಸ್ತಿದ್ದ. ನೀವೂ ಕನ್ನಡದವರ ಹೌದಿಲ್ಲೋ?"

"ಹೌದ್ರಿ. ಖರೆ ಕಲ್ತ ಶಾಳಾ ಮರಾಠಿ. ಮನ್ಯಾಗ ಅವ್ವ ಕನ್ನಡ ಮಾತಾಡಿದ್ರ ತಿಳಿತೈತಿ. ಚಿಕ್ಕಿ ತಿನ್ನೂದು ಅಂತ ತಿಳಕೊಂಡಿದ್ದೆ."

"ಅಂದ್ರ ಎಮ್ಮೆಸ್ಸಿ ಕಲ್ತಾಕಿ ಶೇಂಗಾ ಬೆಲ್ಲಕ್ಕ ಜೀವಾ ಬಿಡ್ತಾಳಂತ ತಿಳಿದ್ರಿ. ಶಾಣ್ಯಾ ಅದೀರಿ."

ತುಷಾರನ ಕಿವಿ ಕೆಂಪಾದವು. ಆದರೂ ಕೇಳಿದ, "ಅಷ್ಟೂ ನಕ್ಷತ್ರಕ್ಕ ಹೆಸರು ಹೆಂಗ ಇಡ್ತಾರ್ರಿ?"

"ಸ್ವಲ್ಪಕ್ಕ ಹಳೇ ಹೆಸರು ಅದಾವು. ರೋಹಿಣಿ, ಚಿತ್ತಾ, ಹಂಗ. ಉಳದವಕ್ಕ ಬರೇ ಯಾದಿ, ನಂಬರ್."

"ನಾವೂ ಸಿತಾರದ ಒಳಗ ನಂಬರ್ ಬರೀತೀವ್ರಿ. ಹೆಸರು ಬೇಕಾದ್ರ ನುಡಸವರು ಇಟ್ಕೋತಾರ."

ಅವಳಿಗೆ ಇನ್ನೇನು ನಗು ಬರುವುದರಲ್ಲಿತ್ತು. ನಾಲಿಗೆ ಮೊದಲು ಬಂತು. "ನಿಮ್ಮ ಕುಂಬಳಕಾಯಿ ತಂದು ನಕ್ಷತ್ರದ ಮಗ್ಗಲ ಇಡಬ್ಯಾಡ್ರಿ."

ತುಷಾರ ಎದ್ದು ನಿಂತ. ಸಿಟ್ಟಿರಲಿಲ್ಲ, ಮುಖ ಮಾತ್ರ ಸಣ್ಣದಾಗಿತ್ತು. "ನನಗ ಏನೂ ಅನ್ರಿ, ನಡೀತೈತಿ. ಕೆಲಸಕ್ಕ ಅನಬ್ಯಾಡ್ರಿ. ನಿಮ್ಮ ಚಿಕ್ಕಿಗೆ ನಾ ಏನೂ ಅಂದಿಲ್ಲ. ಬರ್ತೀನಿ."

ಅವನು ಚಪ್ಪಲಿಗೆ ಕಾಲು ಹಾಕುವುದನ್ನು ವೃಷಾಲಿ ನೋಡಿದಳು. ಬಾಳಾಸಾಹೇಬನನ್ನು ಕಳಿಸಿದ ದಿನ ಊಟ ಹೆಚ್ಚೇ ಸೇರಿತ್ತು. ಇವನು ಹೋದರೆ ಸೇರುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

"ತಪ್ಪಾತ್ರಿ," ಎಂದಳು. ಆ ಮಾತು ಅವಳ ಬಾಯಿಗೆ ಹೊಸದು. "ಕುಂದ್ರಿ. ನಕ್ಷತ್ರದ ದೂರ ಹೆಂಗ ಅಳೀತಾರ ಅನ್ನೂದು ನೀವು ಕೇಳಲೇ ಇಲ್ಲ."

ಅವನು ಚಪ್ಪಲಿ ಬಿಟ್ಟು, ಬಂದು ಅವಳ ಎದುರಿಗೆ ಕುಳಿತ. ಅವಳ ಬೆನ್ನ ಹಿಂದೆ ಬಾಗಿಲು ತೆರೆದಿತ್ತು. ಆಚೆ ದೂರದಲ್ಲಿ ಹಳೆಯ ಮಿಲ್ಲಿನ ಚಿಮಣಿ.

"ಬೆರಳು ಮುಂದ ಹಿಡೀರಿ. ಒಂದ ಕಣ್ಣ ಮುಚ್ಚಿ ಆ ಚಿಮಣಿ ಕಡೆ ನೋಡ್ರಿ. ಈಗ ಇನ್ನೊಂದ ಕಣ್ಣ."

"ಬೆರಳು ಸರೀತ್ರಿ."

"ಬೆರಳು ಅಲ್ಲೇ ಐತಿ, ನೋಡೂ ಜಾಗಾ ಸರೀತು. ಹತ್ತರ ಇದ್ದದ್ದು ಭಾಳ ಸರದಂಗ ಕಾಣತೈತಿ, ದೂರ ಇದ್ದದ್ದು ಸ್ವಲ್ಪ. ಭೂಮಿ ಸೂರ್ಯನ ಈ ಕಡೆ ಇದ್ದಾಗ ಒಮ್ಮೆ, ಆರು ತಿಂಗಳಿಗೆ ಆ ಕಡೆ ಹೋದಾಗ ಒಮ್ಮೆ ನಕ್ಷತ್ರ ನೋಡ್ತಾರ. ಎಷ್ಟು ಸರೀತು ನೋಡಿ ದೂರ ಲೆಕ್ಕಾ ಹಾಕ್ತಾರ."

ಅವನು ಬೆರಳು ಕೆಳಗಿಳಿಸಿದ. ಕಣ್ಣಿನ ಕೆಲಸ ಮಾತ್ರ ನಿಲ್ಲಲಿಲ್ಲ. ಎಡಗಣ್ಣು ಮುಚ್ಚಿದ, ಬಲಗಣ್ಣು ಮುಚ್ಚಿದ. ದಂಡಿ ನೋಡುವಾಗಿನ ಅದೇ ಶ್ರದ್ಧೆಯಿಂದ ಅವಳನ್ನೇ ನೋಡಿದ. ವೃಷಾಲಿ ಸೆರಗು ಸರಿ ಮಾಡಿಕೊಂಡಳು.

"ಕಣ್ಣ ಯಾಕ ಹೊಡೀತೀರಿ?"

"ಹೊಡೀವಲ್ಲೆ ರೀ, ಅಳೀಲಿಕತ್ತೀನಿ. ಚಿಮಣಿ ಮುಂದ ನೀವು ಭಾಳ ಸರೀತೀರಿ."

"ನಾ ಕುಂತಲ್ಲೇ ಕುಂತೇನಿ."

"ಹಂಗಾರ ಹತ್ತರನ ಅದೀರಿ."

ಈ ಸಲ ಅವಳಿಗೆ ನಾಲಿಗೆಗಿಂತ ನಗು ಮೊದಲು ಬಂತು. ಡಬ್ಬಿ ತೆಗೆದು, ಒಂದು ಚಿಕ್ಕಿ ಮುರಿದು, ದೊಡ್ಡ ತುಂಡನ್ನು ಅವನ ಮುಂದೆ ಇಟ್ಟಳು.

ಚಹಾ ತಂದ ಇಂದ್ರವ್ವ ಅಂಜುತ್ತ ಕೇಳಿದಳು, "ಹೆಂಗಾತವ್ವಾ?"

"ಇವರಿಗೆ ಕನ್ನಡ ಬರಂಗಿಲ್ಲ ಮಾವಶಿ. ನಾನ ಕಲಸಬೇಕಾಗತೈತಿ."

"ಎಷ್ಟ ದಿವಸ ಬೇಕ್ರಿ?" ಬಾಯಿ ತುಂಬ ಚಿಕ್ಕಿ ಇಟ್ಟುಕೊಂಡೇ ತುಷಾರ ಕೇಳಿದ.

ವೃಷಾಲಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮಂಥ ದಡ್ಡರಿಗೆ? ಜನ್ಮ ಪೂರ್ತಿ ಬೇಕು."