ನಲವತ್ತೊಂದು ಫೋಟೊ, ಒಂದು ವಿಡಿಯೊ

ಮಾರ್ಚ್ ನಾಲ್ಕು, ಬುಧವಾರ. ಬೆಳಿಗ್ಗೆ 8.40ಕ್ಕೆ ಬಲ್ಗೇರಿಯದ ಬ್ರೆಸ್ನಿತ್ಸಾ ಪೊಲೀಸ್ ಠಾಣೆಗೆ ಪೆನ್ಕಾ ಡೋಬ್ರೆವಾ ಎಂಬ ಅರವತ್ತೇಳು ವರ್ಷದ ಹೆಂಗಸು ಬಂದು ದೂರು ಕೊಟ್ಟಳು. ತನ್ನ ಮಗನನ್ನು ಯಾರೋ ಇಮೇಲ್‌ನಿಂದ ಕದ್ದಿದ್ದಾರೆ ಎಂಬುದು ದೂರು.

ಕಾನ್‌ಸ್ಟೆಬಲ್ ಗಾನ್ಚೊ ಪೆನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ವಿಲಿನಾ ಸ್ತಾಮೆನೋವಾ ಕಡೆ ನೋಡಿದ. ವಿಲಿನಾ ನಗಲಿಲ್ಲ. ಮುದುಕಿಯ ಕಪ್ಪು ಕೋಟಿನ ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿದ್ದವು. ವಿಲಿನಾಳ ಕಣ್ಣಿಗೆ ಮೊದಲು ಬಿದ್ದದ್ದು ಅದು.

"ಮಗನ ಹೆಸರು?"

"ಮ್ಲಾದೆನ್. ಹೋದ ವರ್ಷ ಮಾರ್ಚ್ ಹತ್ತೊಂಬತ್ತಕ್ಕೆ ಲಾರಿ ಮಗುಚಿ ಹೋದ. ಬರೋ ಹತ್ತೊಂಬತ್ತಕ್ಕೆ ವರ್ಷ ತುಂಬುತ್ತೆ ಮಗಳೇ. ವರ್ಷದ ಕಾಗದ ಅಂಟಿಸ್ಬೇಕು. ಅವನ ಮುಖಾನೇ ಇಲ್ಲ."

ಸತ್ತವರ ಫೋಟೊ, ಹೆಸರು, ಎರಡು ಸಾಲು ದುಃಖ ಅಚ್ಚು ಹಾಕಿಸಿ ಮನೆಬಾಗಿಲಿಗೂ ಬಸ್ ನಿಲ್ದಾಣಕ್ಕೂ ಅಂಟಿಸುವುದು ಊರಿನ ವಾಡಿಕೆ. ನಲವತ್ತನೆಯ ದಿನಕ್ಕೊಂದು, ಮೂರು ತಿಂಗಳಿಗೊಂದು, ಆರಕ್ಕೆ, ಒಂಬತ್ತಕ್ಕೆ, ವರ್ಷಕ್ಕೆ. ಪೆನ್ಕಾ ಒಂದನ್ನೂ ತಪ್ಪಿಸಿರಲಿಲ್ಲ. ಸಾಯುವ ಮೊದಲಿನ ಹೊಸವರ್ಷಕ್ಕೆ ಮ್ಲಾದೆನ್ ತಾಯಿಗೆ ಒಂದು ಇಮೇಲ್ ಕಳಿಸಿದ್ದ. ಅದರಲ್ಲಿ ನಲವತ್ತೊಂದು ಫೋಟೊ, ಒಂದು ವಿಡಿಯೊ. ಪ್ರತಿ ಸಲವೂ ಅದೇ ಪತ್ರವನ್ನು ಅವಳು ಮುದ್ರಣದಂಗಡಿಯ ಟೋಶೊಗೆ ಕಳಿಸುತ್ತಿದ್ದಳು.

"ಈ ಸಲ ಏನೂ ತೆರ್ಕೊಳ್ತಿಲ್ಲ ಅಂದ. ನಂಗೆ ಮೊದ್ಲೇ ಗೊತ್ತಿತ್ತು. ಫೆಬ್ರುವರಿ ಹತ್ತರ ಬೆಳಿಗ್ಗೆಯಿಂದ ವಿಡಿಯೊ ಬರ್ತಿರ್ಲಿಲ್ಲ. ನನ್ನ ಫೋನೇ ಕೆಟ್ಟಿದೆ ಅಂತ ಮೂರು ವಾರ ಸುಮ್ನಿದ್ದೆ."

"ವಿಡಿಯೊದಲ್ಲಿ ಏನಿತ್ತು?"

"ನಾನು ಮಾಡಿದ ಚೀಸಿನ ಬನಿತ್ಸಾ ಸೀದುಹೋಗಿದೆ ಅಂತ ರೇಗಿಸ್ತಾನೆ. ದಿನಾ ಕಾಫಿ ಕುಡೀತಾ ಬೈಸ್ಕೊಳ್ತಿದ್ದೆ. ಅವನ ಮಾತು ಅಂತ ಉಳಿದಿದ್ದು ಅದೊಂದೇ."

ಗಾನ್ಚೊ ಪತ್ರವನ್ನು ತನ್ನ ಫೋನಿನಲ್ಲಿ ತೆರೆದ. ಆಮೇಲೆ ಠಾಣೆಯ ಕಂಪ್ಯೂಟರಿನಲ್ಲಿ. ಆಮೇಲೆ ಠಾಣೆಯ ವಿಳಾಸಕ್ಕೇ ಕಳಿಸಿಕೊಂಡು ನೋಡಿದ. ಎಲ್ಲ ಕಡೆಯೂ ಒಂದೇ ಸಾಲು ಬಂತು: ಫೈಲ್ ಸಿಗುತ್ತಿಲ್ಲ.

"ಇದಕ್ಕೆ ಫೈಲ್ ಲಗತ್ತಿಸೇ ಇಲ್ಲ ಮೇಡಂ. ತೂಕ ಜಾಸ್ತಿ ಆಯ್ತು ಅಂತ ಇಮೇಲೇ ಎಲ್ಲಾನೂ ಅವನ ಕ್ಲೌಡ್ ಖಾತೇಲಿಟ್ಟು ಬರೀ ಕೊಂಡಿ ಕಳಿಸಿದೆ." ಮುದುಕಿಯ ಕಡೆ ತಿರುಗಿದ. "ಅಜ್ಜೀ, ನಿಮ್ಮ ಮಗ ಬುತ್ತಿ ಕಳಿಸಿರ್ಲಿಲ್ಲ. ಅಡುಗೆಮನೆ ಬೀಗದ ಕೈ ಕಳಿಸಿದ್ದ. ಯಾರೋ ಅಡುಗೆಮನೇನೇ ಖಾಲಿ ಮಾಡಿದಾರೆ."

"ಪತ್ರ ಇದ್ಯಲ್ಲಪ್ಪ ಇನ್ನೂ?"

"ಪತ್ರ ಇದೆ ಅಜ್ಜಿ."

"ಮತ್ತೆ?"

ಗಾನ್ಚೊ ದೂರಿನ ಹಾಳೆ ಹತ್ತಿರ ಎಳೆದುಕೊಂಡ. 9.30ಕ್ಕೆ ಪ್ರಕರಣ ದಾಖಲಾಯಿತು.

11.15ಕ್ಕೆ ವಿಲಿನಾ ಟೋಶೊನ ಅಂಗಡಿಗೆ ಹೋದಳು. ಅವನ ಕಂಪ್ಯೂಟರಿನಲ್ಲಿ ಮರಣದ ಕಾಗದದ ಒಂದೇ ಒಂದು ನಮೂನೆಯಿತ್ತು. ಅದರಲ್ಲಿ ಹೋದ ವಾರ ತೀರಿಕೊಂಡ ಬೇರೆ ಯಾರದೋ ಮುಖ.

"ಹಳೇದನ್ನ ಇಟ್ಕೊಳ್ಳಲ್ವಾ?"

"ಹೊಸಬರು ಬಂದಾಗ ಹಳಬರು ಹೋಗ್ತಾರೆ ಮೇಡಂ. ಊರಿನ ಹೆಣಗಳನ್ನೆಲ್ಲ ಅಂಗಡೀಲಿಟ್ಕೊಂಡ್ರೆ ಮದುವೆ ಕಾಗದ ಮಾಡ್ಸೋಕೆ ಯಾರು ಬರ್ತಾರೆ? ನಮ್ಮಪ್ಪನೂ ಇಟ್ಕೊಳ್ತಿರ್ಲಿಲ್ಲ."

"ಒಂದು ಫೋಟೊನೂ ಇಲ್ವಾ?"

"ಪೆನ್ಕಾ ಅಜ್ಜಿ ಹತ್ರ ಪತ್ರ ಇದೆ ಅಂತ ನಾನಿದ್ದೆ," ಟೋಶೊ ಕನ್ನಡಕ ತೆಗೆದ. "ನನ್ನ ಹತ್ರ ಇದೆ ಅಂತ ಅವಳಿದ್ಳು."

ಬಸ್ ನಿಲ್ದಾಣದಲ್ಲಿ ಒಂಬತ್ತನೆಯ ತಿಂಗಳ ಕಾಗದ ಇನ್ನೂ ಇತ್ತು. ಚಳಿಗಾಲದ ನೀರಿಗೆ ಮುಖ ಇಳಿದುಹೋಗಿ ಹೆಸರು ಮಾತ್ರ ಉಳಿದಿತ್ತು. ವಿಲಿನಾ ಅದರ ಚಿತ್ರ ತೆಗೆದು ಕಡತಕ್ಕೆ ಸೇರಿಸಿದಳು.

ಅಳಿಸಿದ ಫೈಲುಗಳು ಕ್ಲೌಡ್‌ನ ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತವೆ ಎಂದು ಗಾನ್ಚೊ ಹೇಳಿದ್ದ. ವಿಡಿಯೊ ಕೊನೆಯ ಸಲ ಕಂಡ ಫೆಬ್ರುವರಿ ಒಂಬತ್ತರಿಂದ ಲೆಕ್ಕ ಹಾಕಿದರೆ ಮಾರ್ಚ್ ಹನ್ನೊಂದು ಕೊನೆ. ಖಾತೆಯ ವಿವರ ಕೇಳಿ ಸರ್ಕಾರಿ ವಕೀಲರ ಮೂಲಕ ಅಂದೇ ಕ್ಲೌಡ್ ಕಂಪನಿಗೆ ಪತ್ರ ಹೋಯಿತು. ವಿಲಿನಾ ದಿನಕ್ಕೆರಡು ಬಾರಿ ಫೋನ್ ಮಾಡಿದಳು. ಅಷ್ಟು ಅವಸರ ಯಾಕೆ, ಯಾರಾದರೂ ಸಾಯುತ್ತಿದ್ದಾರೆಯೇ ಎಂದು ಆ ಕಡೆಯವನು ಕೇಳಿದ. ಹನ್ನೊಂದಕ್ಕೆ ಮೊದಲು ಬೇಕು ಎಂದು ಅವಳು ಮತ್ತೊಮ್ಮೆ ಹೇಳಿದಳು.

ಉತ್ತರ ಬಂದದ್ದು ಮಾರ್ಚ್ ಹತ್ತರ ಮಧ್ಯಾಹ್ನ 3.05ಕ್ಕೆ. ಫೆಬ್ರುವರಿ ಒಂಬತ್ತರಂದು ಮಧ್ಯಾಹ್ನ 2.10ಕ್ಕೆ ಸರಿಯಾದ ಪಾಸ್‌ವರ್ಡ್ ಹಾಕಿಯೇ ಯಾರೋ ಖಾತೆ ತೆರೆದಿದ್ದರು. 2.22ಕ್ಕೆ ಎಲ್ಲವೂ ಅಳಿಸಿತ್ತು. ಆಮೇಲೆ ಪಾಸ್‌ವರ್ಡ್ ಬದಲಾಗಿತ್ತು. ಅಂತರ್ಜಾಲದ ಸಂಪರ್ಕ ಸೆವ್ದಾ ಡೋಬ್ರೆವಾ ಹೆಸರಿನಲ್ಲಿತ್ತು. ಅವಳು ಮ್ಲಾದೆನ್‌ನ ಹೆಂಡತಿ.

"ಸೊಸೆ," ಎಂದ ಗಾನ್ಚೊ. "ಇನ್ನೂ ಒಂದು ದಿನ ಇದೆ ಮೇಡಂ. ಪಾಸ್‌ವರ್ಡ್ ಕೊಟ್ರೆ ಎಲ್ಲಾ ವಾಪಸ್ ಬರುತ್ತೆ."

ಸೆವ್ದಾಳ ಮನೆಯ ಮೆಟ್ಟಿಲು ಹತ್ತುವಾಗ ವಿಲಿನಾ ಎರಡೆರಡು ಮೆಟ್ಟಿಲು ಹಾರಿದಳು. ಮೂರನೆಯ ಮಹಡಿಯ ಬಾಗಿಲ ಮೇಲೆ ಕಾಗದವಿರಲಿಲ್ಲ. ಚಾಕುವಿನಿಂದ ಕೆರೆದ ನಾಲ್ಕು ಚೌಕ ಗುರುತುಗಳಿದ್ದವು.

"ಫೆಬ್ರುವರಿ ಒಂಬತ್ತು, ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿದ್ರಿ?"

"ಇಲ್ಲೇ," ಎಂದಳು ಸೆವ್ದಾ. "ನಾನೇ ಅಳಿಸಿದ್ದು. ಒಳಗೆ ಬನ್ನಿ."

"ಕಸದ ಬುಟ್ಟಿ ಮುಟ್ಟಿದೀರಾ?"

"ಅದನ್ನೂ ಖಾಲಿ ಮಾಡ್ದೆ."

"ಯಾವಾಗ?"

"ಆಗ್ಲೇ. ಇನ್ನು ವಾಪಸ್ ಬರಲ್ಲ, ಸರೀನಾ ಅಂತ ಕೇಳ್ತು. ಸರಿ ಅಂದೆ."

ವಿಲಿನಾ ಗಾನ್ಚೊನನ್ನು ಎದುರು ಮನೆಗೆ ಕಳಿಸಿದಳು.

ಎದುರು ಮನೆಯ ದಂಪತಿಗಳನ್ನು ಪಂಚರಾಗಿ ಕರೆಯಲಾಯಿತು. ಸೆವ್ದಾ ಅವರ ಮುಂದೆ ಖಾತೆ ತೆರೆದು ತೋರಿಸಿದಳು. ಗಾನ್ಚೊ ಹದಿನೈದು ನಿಮಿಷ ಮೂಲೆಮೂಲೆ ಹುಡುಕಿದ. ಪಂಚನಾಮೆಯಲ್ಲಿ 4.25ಕ್ಕೆ ಹೀಗೆ ಬರೆಯಲಾಯಿತು: ಫೈಲುಗಳ ಸಂಖ್ಯೆ ಸೊನ್ನೆ.

"ನಿಮ್ಮ ಹತ್ರ ಬೇರೆ ಪ್ರತಿ ಇದ್ಯಾ?" ವಿಲಿನಾ ಕೇಳಿದಳು.

"ನನ್ನ ಫೋನಲ್ಲಿ ಒಂದೈದಾರು ಫೋಟೊ ಇದೆ. ಅತ್ತೆ ಕೇಳಿದ್ರೆ ಕೊಡಲ್ಲ ಅನ್ನಬಹುದು. ಅಂಗಡಿಗೆ ಫೋಟೊ ಕೊಡಬೇಡ ಅಂತ ಆ ಪತ್ರಕ್ಕೆ ಹೇಗೆ ಹೇಳ್ಲಿ?"

"ವಿಡಿಯೊ?"

"ಯಾವ ವಿಡಿಯೊ?"

ವಿಲಿನಾ ಹೇಳಿದಳು. ಬನಿತ್ಸಾ ಸೀದುಹೋದದ್ದು, ಕಾಫಿ, ದಿನಾ ಬೆಳಿಗ್ಗೆ. ಸೆವ್ದಾ ಚಪ್ಪಲಿಗಳ ನಡುವೆ ನೆಲದ ಮೇಲೆ ಕೂತುಬಿಟ್ಟಳು.

"ಅವನು ಮಾತಾಡಿದ್ದು ಅದ್ರಲ್ಲಿತ್ತಾ? ಎಲ್ಲಾ ಒಟ್ಟಿಗೆ ಗುರುತು ಹಾಕಿ ಅಳಿಸ್ಬಿಟ್ಟೆ. ಒಂದನ್ನೂ ತೆಗ್ದು ನೋಡ್ಲಿಲ್ಲ. ನೋಡಿದ್ರೆ ಕೈ ಬರ್ತಿರ್ಲಿಲ್ಲ ಅಂತ."

ಸಂಜೆ 5.20ಕ್ಕೆ ಅವಳನ್ನು ಬಂಧಿಸಿ ಠಾಣೆಗೆ ಕರೆತರಲಾಯಿತು. ವಿಚಾರಿಸಲು ಬಂದಿದ್ದ ಪೆನ್ಕಾ ಬೆಂಚಿನ ಮೇಲಿದ್ದಳು. ಸೊಸೆಯನ್ನೂ, ಅವಳ ಪಕ್ಕದಲ್ಲಿದ್ದ ಗಾನ್ಚೊನನ್ನೂ ನೋಡಿ ಎದ್ದು ನಿಂತಳು.

"ನೀನಾ?"

"ಹೌದು ಅತ್ತೆ."

"ವಾಪಸ್ ಬರುತ್ತಾ?"

"ಬರಲ್ಲ," ಎಂದಳು ಸೆವ್ದಾ. ಮುದುಕಿ ಬೈಯುತ್ತಾಳೆ, ಇಲ್ಲವೇ ಕೈಯೆತ್ತುತ್ತಾಳೆ ಎಂದು ವಿಲಿನಾ ಒಂದು ಹೆಜ್ಜೆ ಮುಂದೆ ಬಂದಳು. ಪೆನ್ಕಾ ಗೋಡೆ ಗಡಿಯಾರ ನೋಡಿದಳು.

"ಕಾಲಿನಾನ ಯಾರು ಕರ್ಕೊಂಡ್ ಬರ್ತಾರೆ?"

"ಶಿಶುವಿಹಾರ ಆರಕ್ಕೆ ಮುಚ್ಚುತ್ತೆ ಅತ್ತೆ."

"ಕಾರಲ್ಲಿ ಬಿಡ್ತೀನಿ ಅಜ್ಜಿ," ಎಂದ ಗಾನ್ಚೊ.

"ಬೇಡಪ್ಪ. ಪೊಲೀಸ್ ಕಾರು ನೋಡಿದ್ರೆ ಮೊಮ್ಮಗಳು ಹೆದರ್ತಾಳೆ." ಕೈಚೀಲ ಎತ್ತಿಕೊಂಡು ಅವಳು ಹೊರಟಳು.

ಸೆವ್ದಾಳ ಹೇಳಿಕೆಯನ್ನು ವಿಲಿನಾ ತಾನೇ ದಾಖಲಿಸಿದಳು.

"ಕಾಗದ ಅಂಟಿಸ್ಬೇಡಿ ಅಂತ ಅತ್ತೆಗೆ ಹೇಳಿರ್ಲಿಲ್ವಾ?"

"ಹೇಳಿದ್ದೆ. ಊರು ಅವನನ್ನ ಮರೀಬಾರ್ದು ಅಂದ್ರು. ಅವ್ರು ಹೇಳೋದೂ ಸರೀನೇ."

"ಮತ್ತೆ ಒಂಬತ್ತನೇ ತಾರೀಕು ಏನಾಯ್ತು?"

ಅವಳು ಹೇಳಿದ್ದನ್ನು ಕೇಳಿದ ಮೇಲೆ ವಿಲಿನಾ ಹೇಳಿಕೆ ಹಾಳೆಯ ಕಾರಣದ ಜಾಗದಲ್ಲಿ ತಾನು ಮೊದಲೇ ಬರೆದಿದ್ದ 'ಕೌಟುಂಬಿಕ ಮನಸ್ತಾಪ' ಎಂಬುದನ್ನು ಹೊಡೆದುಹಾಕಿದಳು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರೆದಳು:

'ಆರೋಪಿಯ ಆರು ವರ್ಷದ ಮಗಳು ಫೆಬ್ರುವರಿ ಒಂಬತ್ತರ ಬೆಳಿಗ್ಗೆ ಬಸ್ ನಿಲ್ದಾಣದ ಕಾಗದದ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು, ಯಾರ ಸಹಾಯವೂ ಇಲ್ಲದೆ ತನ್ನ ಜೀವನದ ಮೊದಲ ಪದವನ್ನು ಓದಿದಳು. ಅದು ತಂದೆಯ ಹೆಸರು. ಎರಡನೆಯ ಪದ ಓದುವಷ್ಟರಲ್ಲಿ ತಾಯಿ ಅವಳ ಕಣ್ಣು ಮುಚ್ಚಿದಳು.'