ಸೋಮವಾರದಿಂದ ಗೊತ್ತಿತ್ತು

"ಇರುವೆ! ಏಯ್ ಇರುವೆ, ನಿಲ್ಲು!"

ಇರುವೆ ನಿಲ್ಲಲಿಲ್ಲ. ಸ್ಕೂಲ್ ಬ್ಯಾಗು ಬೆನ್ನಿನ ಮೇಲೆ ಧಡಧಡ ಬಡಿಯುತ್ತಿತ್ತು. ಬಸ್ ಸ್ಟಾಪ್ ದಾಟಿ, ಔಷಧಿ ಅಂಗಡಿ ದಾಟಿ, ಇನ್ನೇನು ತಿರುವು ಬಂತು ಅನ್ನುವಷ್ಟರಲ್ಲಿ ಉದ್ದ ಕಾಲಿನ ಪಾಪ್‌ಕಾರ್ನ್ ಅಣ್ಣ ಅವಳ ಮುಂದೆ ಬಂದು ನಿಂತೇಬಿಟ್ಟ.

"ಯಾಕೆ ಹಂಗೆ ಓಡ್ತೀಯಾ?" ಅವನಿಗೆ ಏದುಸಿರು.

ಇರುವೆ ಹಿಂದಕ್ಕೆ ತಿರುಗಿ ನೋಡಿದಳು. ಬಸ್ ಸ್ಟಾಪಿನ ಬೆಂಚಿನ ಮೇಲೆ ಹಸಿರು ಸ್ವೆಟರ್ ಹಾಕಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು. ಇಯರ್‌ಫೋನಿನ ಒಂದು ತುದಿ ಅವಳ ಕಿವಿಯಲ್ಲಿತ್ತು. ಇನ್ನೊಂದು ಮಡಿಲಲ್ಲಿ ಬಿದ್ದಿತ್ತು. ಒಂದು ನಿಮಿಷದ ಹಿಂದೆ ಅದು ಪಾಪ್‌ಕಾರ್ನ್ ಅಣ್ಣನ ಕಿವಿಯಲ್ಲಿತ್ತು. ಆ ಹುಡುಗಿಯ ತಲೆ ಅವನ ಭುಜದ ಮೇಲಿತ್ತು.

ಅದು ಅಕ್ಕನ ಜಾಗ.

ಅಕ್ಕನಿಗೆ ಹತ್ತೊಂಬತ್ತು ವರ್ಷ. ಸಲೂನ್‌ನಲ್ಲಿ ಕೂದಲು ಕತ್ತರಿಸುವ ಕೆಲಸ. ಪಾಪ್‌ಕಾರ್ನ್ ಅಣ್ಣನಿಗೆ ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ಕೌಂಟರಿನಲ್ಲಿ ಕೆಲಸ. ಒಂದು ವರ್ಷದಿಂದ ಇಬ್ಬರೂ ಜೊತೆಜೊತೆ. ಅವರು ಎಲ್ಲಿ ಹೋದರೂ ಇವಳೂ ಹಿಂದೆಯೇ ಹೋಗುತ್ತಿದ್ದಳು. "ಸಾಲು ಬಿಡದೆ ಬರ್ತಾಳಪ್ಪ, ಇರುವೆ" ಎಂದು ಅವನೇ ಹೆಸರಿಟ್ಟಿದ್ದ. ಆಮೇಲೆ ಅಮ್ಮನೂ ಹಾಗೇ ಕರೆಯತೊಡಗಿದ್ದಳು.

"ಅದು ಯಾರು?" ಇರುವೆ ಕೇಳಿದಳು.

ಪಾಪ್‌ಕಾರ್ನ್ ಅಣ್ಣ ತಲೆ ಕೆರೆದುಕೊಂಡ. ಹೋಮ್‌ವರ್ಕ್ ಮಾಡದವರು ಟೀಚರ್ ಮುಂದೆ ನಿಂತಿರುತ್ತಾರಲ್ಲ, ಹಾಗೆ ನಿಂತಿದ್ದ. "ನೋಡು, ನಿಮ್ಮಕ್ಕನಿಗೆ ನಾನೇ ಹೇಳ್ತೀನಿ. ಆಣೆಗೂ ಹೇಳ್ತೀನಿ. ನೀನು ಮಾತ್ರ ಏನೂ ಹೇಳಬೇಡ."

"ಯಾವಾಗ ಹೇಳ್ತೀಯಾ?"

"ಈ ವಾರ."

ಇರುವೆಗೆ ತಟ್ಟನೆ ಒಂದು ಮಾತು ನೆನಪಾಯಿತು. ಕೇಳಬಾರದು ಅಂದುಕೊಂಡಳು. ಆದರೂ ಕೇಳಿಬಿಟ್ಟಳು. "ಹಾಗಾದ್ರೆ ಶನಿವಾರದ ಸಿನಿಮಾ?"

"ಓ, ಅದು ಇದ್ದೇ ಇದೆ!" ಅವನ ಮುಖ ಸ್ವಲ್ಪ ಅರಳಿತು. "ನಿಮ್ಮಿಬ್ಬರಿಗೂ ಸೀಟ್ ಇಟ್ಟಿದ್ದೀನಿ. ಮಧ್ಯದ ಸಾಲು, ಮಧ್ಯದ ಸೀಟು. ಸರೀನಾ?"

ಇರುವೆ ತಲೆಯಾಡಿಸಿದಳು.

ಅದೇನು ಸಾಮಾನ್ಯ ಸಿನಿಮಾ ಅಲ್ಲ. ನೀಲಿ ಜಾಕೆಟ್ ಹಾಕಿಕೊಂಡು ಹಾಡುವ ಐದು ಹುಡುಗರ ತಂಡ ಒಂದಿತ್ತು. ಅವರ ಸ್ಟೇಜ್ ಶೋ ಪೂರ್ತಿ ದೊಡ್ಡ ಪರದೆಯ ಮೇಲೆ ಬರುವುದಿತ್ತು. ಅಕ್ಕ ತಂಗಿ ಇಬ್ಬರಿಗೂ ಅವರ ಎಲ್ಲ ಹಾಡೂ ಬಾಯಿಪಾಠ. ಅಕ್ಕನಿಗೆ ಡ್ರಮ್ ಬಾರಿಸುವವನು ಇಷ್ಟ. ಇರುವೆಗೆ ಐವರಲ್ಲಿ ಕುಳ್ಳಗಿದ್ದವನು ಇಷ್ಟ, ಯಾಕೆಂದರೆ ಅವನು ಡ್ಯಾನ್ಸ್ ಮಾಡುವಾಗ ಒಮ್ಮೊಮ್ಮೆ ಸ್ಟೆಪ್ ಮರೆತು ತಾನೇ ನಗುತ್ತಿದ್ದ.

ಶನಿವಾರಕ್ಕೆ ಇನ್ನು ಐದೇ ದಿನ.

ಅವತ್ತು ಸಂಜೆ ಅಕ್ಕ ಕನ್ನಡಿ ಮುಂದೆ ನಿಂತು ತನ್ನ ಮುಂಗೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದಳು. ಕತ್ತರಿ ಕಚಕಚ ಅನ್ನುತ್ತಿತ್ತು.

"ಹೆಂಗಿದೆ? ಡ್ರಮ್ಮಿನವನು ಪರದೆಯಿಂದ ಇಳಿದು ಬಂದುಬಿಡ್ತಾನೆ ಅಲ್ವಾ?"

ಬೇರೆ ದಿನವಾಗಿದ್ದರೆ ಇರುವೆ, "ಬಂದು ಹೆದರಿ ವಾಪಸ್ ಓಡಿಹೋಗ್ತಾನೆ" ಅನ್ನುತ್ತಿದ್ದಳು. ಅವತ್ತು, "ಚೆನ್ನಾಗಿದೆ" ಎಂದಷ್ಟೇ ಹೇಳಿದಳು.

"ಏನೇ ಇದು, ಜಗಳಾನೇ ಇಲ್ಲ? ಜ್ವರ ಬಂದಿದ್ಯಾ?" ಅಕ್ಕ ಬಂದು ಹಣೆ ಮುಟ್ಟಿ ನೋಡಿದಳು. ಅಕ್ಕನ ಬೆರಳಿಗೆ ಯಾವಾಗಲೂ ಶಾಂಪೂ ವಾಸನೆ.

ಈಗ ಹೇಳಿಬಿಡಲಾ? ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಎರಡು ಡ್ರೆಸ್ ಎತ್ತಿ ಹಿಡಿದಳು. "ಶನಿವಾರಕ್ಕೆ ಹಳದಿದಾ, ಕಪ್ಪಿಂದಾ?"

"ಹಳದಿ" ಎಂದಳು ಇರುವೆ. ಮಾತು ಗಂಟಲಿನೊಳಕ್ಕೆ ವಾಪಸ್ ಹೋಯಿತು.

ಮಂಗಳವಾರ ಪಾಪ್‌ಕಾರ್ನ್ ಅಣ್ಣ ಹೇಳಲಿಲ್ಲ. ಬುಧವಾರವೂ ಹೇಳಲಿಲ್ಲ. ಅಕ್ಕ ಆಗಾಗ ಫೋನ್ ನೋಡುತ್ತಿದ್ದಳು. "ಮೆಸೇಜ್ ಓದಿದ್ದಾನೆ, ಆದ್ರೆ ಉತ್ತರಾನೇ ಇಲ್ಲ ನೋಡು" ಎಂದು ಗೊಣಗಿದಳು.

"ಶನಿವಾರದ ಸಿನಿಮಾಗೆ ತುಂಬಾ ರಶ್ ಇರುತ್ತಲ್ಲ, ಅದಕ್ಕೆ ಬ್ಯುಸಿ ಇರಬೇಕು" ಎಂದಳು ಇರುವೆ.

"ಹೌದಲ್ವಾ!" ಅಕ್ಕನ ಮುಖ ಒಮ್ಮೆಲೇ ಹಗುರವಾಯಿತು. ತಂಗಿಯ ಕೆನ್ನೆ ಹಿಂಡಿ, "ನನಗೆ ಹೊಳೀಲೇ ಇಲ್ಲ ನೋಡು. ಜಾಣೆ ಕಣೇ ನೀನು" ಅಂದಳು.

ಹಿಂಡಿದ ಕೆನ್ನೆ ನೋಯಲಿಲ್ಲ. ಬೇರೆ ಎಲ್ಲೋ ನೋಯಿತು.

ಗುರುವಾರ ಕ್ಲಾಸಿನಲ್ಲಿ ಇರುವೆ ಪಕ್ಕದಲ್ಲಿ ಕೂರುವ ಗೆಳತಿಯನ್ನು ಪಿಸುಮಾತಿನಲ್ಲಿ ಕೇಳಿದಳು. ಆ ಗೆಳತಿಯ ಕನ್ನಡಕ ದಪ್ಪ, ಅಭಿಪ್ರಾಯಗಳು ಇನ್ನೂ ದಪ್ಪ.

"ಒಬ್ಬರಿಗೆ ಬೇಜಾರಾಗೋ ವಿಷಯ ನಿನಗೆ ಗೊತ್ತು ಅಂತ ಇಟ್ಕೋ. ಹೇಳ್ತೀಯಾ?"

"ಎಷ್ಟು ಬೇಜಾರು? ಪೆನ್ಸಿಲ್ ಕಳೆದುಹೋಗೋ ಅಷ್ಟಾ, ನಾಯಿ ಸತ್ತುಹೋಗೋ ಅಷ್ಟಾ?"

ಇರುವೆ ಯೋಚಿಸಿದಳು. "ನಾಯಿ ಅಷ್ಟು."

"ಹಾಗಾದ್ರೆ ಹೇಳಲೇಬೇಕು. ಇಲ್ಲಾಂದ್ರೆ ಪಾಪ, ಅವರು ದಿನಾ ನಾಯೀಗೆ ಊಟ ಇಟ್ಟುಕೊಂಡು ಕಾಯ್ತಾ ಇರ್ತಾರೆ."

ಇರುವೆ ಮುಂದೆ ಕೇಳಲಿಲ್ಲ. ಶನಿವಾರಕ್ಕೆ ಇನ್ನು ಎರಡೇ ದಿನ. ಭಾನುವಾರ ಹೇಳಿದರಾಯಿತು ಎಂದುಕೊಂಡಳು. ಅಥವಾ ಅವನೇ ಹೇಳುತ್ತಾನೆ. ಅವನೇ ತಾನೆ ಆಣೆ ಮಾಡಿದ್ದು?

ಶನಿವಾರ ಮಧ್ಯಾಹ್ನದ ಆಟ. ಥಿಯೇಟರಿನ ಮುಂದೆ ನೀಲಿ ಜಾಕೆಟ್ ಹಾಕಿಕೊಂಡ ಹುಡುಗ ಹುಡುಗಿಯರ ದೊಡ್ಡ ಸಾಲಿತ್ತು. ಅಕ್ಕ ಹಳದಿ ಡ್ರೆಸ್ ಹಾಕಿದ್ದಳು. ಪಾಪ್‌ಕಾರ್ನ್ ಕೌಂಟರಿನಲ್ಲಿ ಬೇರೆ ಯಾರೋ ನಿಂತಿದ್ದರು. "ಅವನು ಒಳಗೆಲ್ಲೋ ಇದ್ದಾನೆ, ನಿಮ್ಮ ಸೀಟ್ ಇದು" ಎಂದು ಅವರೇ ಎರಡು ಟಿಕೆಟ್ ಕೊಟ್ಟರು.

ಮಧ್ಯದ ಸಾಲು, ಮಧ್ಯದ ಸೀಟು. ದೀಪ ಆರಿತು. ಐವರೂ ಪರದೆಯ ಮೇಲೆ ಜಿಗಿದರು. ಇಡೀ ಥಿಯೇಟರ್ ಕಿರುಚಿತು. ಅಕ್ಕನೂ ಕಿರುಚಿದಳು, ಇರುವೆಯೂ ಕಿರುಚಿದಳು. ಒಂದು ಹಾಡಿನಷ್ಟು ಹೊತ್ತು ಇರುವೆ ಎಲ್ಲವನ್ನೂ ಮರೆತಳು.

ಮೂರನೇ ಹಾಡಿನ ಹೊತ್ತಿಗೆ ಪಾಪ್‌ಕಾರ್ನ್ ಅಣ್ಣ ಬಗ್ಗಿಕೊಂಡು ಸಾಲಿನೊಳಗೆ ಬಂದ. ಅಕ್ಕನ ಕಿವಿಯಲ್ಲಿ ಏನೋ ಹೇಳಿದ. ಅಕ್ಕ ನಗುತ್ತಾ ಎದ್ದಳು. "ಇಲ್ಲೇ ಕೂತಿರು, ಈಗ ಬಂದೆ" ಎಂದು ಇರುವೆಗೆ ಹೇಳಿ ಅವನ ಹಿಂದೆ ಹೋದಳು.

ಇರುವೆಗೆ ಗೊತ್ತಾಯಿತು.

ಪರದೆಯ ಮೇಲೆ ಕುಳ್ಳ ಹುಡುಗ ಸ್ಟೆಪ್ ಮರೆತು ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ದಿನ ಕಾದಿದ್ದು ಇದಕ್ಕೇ. ಇರುವೆ ಪರದೆ ನೋಡುತ್ತಿದ್ದಳು, ಆದರೆ ಹಾಡು ದೂರದ ಯಾವುದೋ ಮನೆಯಿಂದ ಕೇಳಿಬಂದಂತಿತ್ತು. ನಾಲ್ಕನೇ ಹಾಡು ಮುಗಿಯಿತು. ಐದನೆಯದೂ ಮುಗಿಯಿತು. ಅಕ್ಕ ಬರಲಿಲ್ಲ. ಇರುವೆ ಎದ್ದು, ಕತ್ತಲೆಯಲ್ಲಿ ಯಾರ್‍ಯಾರದೋ ಕಾಲು ತುಳಿದು ಹೊರಗೆ ಬಂದಳು.

ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು, ಒಬ್ಬಳೇ. ಅವನು ಹೋಗಿಯಾಗಿತ್ತು. ಅಕ್ಕ ಅಳುತ್ತಿರಲಿಲ್ಲ. ಹಳದಿ ಡ್ರೆಸ್ಸಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಅಕ್ಕಾ..."

"'ಇರುವೆಗೆ ಗೊತ್ತಲ್ಲ, ಅವಳು ನಿನಗೆ ಹೇಳಿರ್ತಾಳೆ ಅಂದ್ಕೊಂಡೆ' ಅಂದ ಅವನು" ಎಂದಳು ಅಕ್ಕ. ದನಿ ತೀರಾ ಸಣ್ಣಗಿತ್ತು. "ನಿನಗೆ ಗೊತ್ತಿತ್ತಾ?"

ಇರುವೆ ನೆಲ ನೋಡಿದಳು.

"ಯಾವತ್ತಿಂದ?"

"ಸೋಮವಾರದಿಂದ."

"ಸೋಮವಾರ" ಎಂದಳು ಅಕ್ಕ. "ಸೋಮವಾರ ನಾನು ಕೂದಲು ಕತ್ತರಿಸಿಕೊಂಡೆ. ಡ್ರೆಸ್ ಯಾವುದು ಅಂತ ನಿನ್ನ ಕೇಳಿದೆ. ಹಳದಿ ಅಂದೆ ನೀನು. ಬ್ಯುಸಿ ಇರಬೇಕು ಅಂದೆ. ನಾನು ವಾರಪೂರ್ತಿ ಪೆದ್ದಿ ಥರ ಕುಣೀತಾ ಇದ್ದೆ, ನೀನು ನೋಡ್ತಾ ಇದ್ದೆ."

"ಅವನೇ ಹೇಳ್ತೀನಿ ಅಂದ..."

"ಅವನು ಬೇರೆಯವನು ಕಣೇ. ನೀನು ನನ್ನ ತಂಗಿ."

ಅಕ್ಕ ಎದ್ದು ನಡೆದಳು. ರಸ್ತೆ ದಾಟುವ ಕಡೆ ಮಾತ್ರ ನಿಂತು ತಂಗಿಯ ಕೈ ಹಿಡಿದುಕೊಂಡಳು. ದಾಟಿದ ಮೇಲೆ ಬಿಟ್ಟಳು.

ಭಾನುವಾರ ಅಕ್ಕ ಮಾತಾಡಲಿಲ್ಲ. ಸೋಮವಾರವೂ ಇಲ್ಲ. "ನೀರು ಬಂತು", "ಬಾಗಿಲು ಹಾಕು" ಇಷ್ಟೇ. ಅಕ್ಕ ಬಚ್ಚಲುಮನೆಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಳ್ಳುತ್ತಿದ್ದಳು. ತುಂಬಾ ಹೊತ್ತು ನೀರಿನ ಸದ್ದೇ ಕೇಳುತ್ತಿತ್ತು. ಹೊರಗೆ ಬಂದಾಗ ಅವಳ ಕೈಕಾಲು ಒಣಗಿಯೇ ಇರುತ್ತಿತ್ತು.

ಅಮ್ಮನಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಸಂಜೆ ಬಂದು ಕಾಲು ಚಾಚಿ ಕೂತವಳು ಇಬ್ಬರನ್ನೂ ನೋಡಿದಳು. "ಆ ಹುಡುಗ ಕೈಕೊಟ್ಟ ಅನ್ನೋದು ಗೊತ್ತಾಯ್ತು. ಆದ್ರೆ ನಿಮ್ಮಿಬ್ಬರ ಮಧ್ಯೆ ಏನಾಗಿದೆ? ಇವಳ್ಯಾಕೆ ಮೂಲೆ ಹಿಡಿದು ಕೂತಿದ್ದಾಳೆ?"

ಇರುವೆ ಅಕ್ಕನ ಮುಖ ನೋಡಿದಳು.

"ಏನಿಲ್ಲಮ್ಮ" ಎಂದಳು ಅಕ್ಕ. "ಅವಳಿಗೂ ಅವನು ಇಷ್ಟ ಇದ್ದ. ಅವಳಿಗೂ ಬೇಜಾರು."

ಅದು ನಿಜವೇ ಆಗಿತ್ತು. ಇರುವೆಗೆ ಅಲ್ಲಿಯವರೆಗೆ ಅದು ತಿಳಿದೇ ಇರಲಿಲ್ಲ. ಅವನು ಇನ್ನು ಬರುವುದಿಲ್ಲ. "ಸಾಲು ಬಿಡಬೇಡ" ಎಂದು ಛೇಡಿಸುವುದಿಲ್ಲ. ಲೆಕ್ಕದ ಪುಸ್ತಕದ ಹಿಂದೆ ಅವಳಿಗಾಗಿ ಡೈನೋಸಾರ್ ಬರೆದುಕೊಡುವುದಿಲ್ಲ. ಇಷ್ಟು ಕೋಪದಲ್ಲೂ ಅಕ್ಕನಿಗೆ ಅದು ಗೊತ್ತಿತ್ತು. ಅಮ್ಮನ ಮುಂದೆ ತಂಗಿಯನ್ನು ಬಿಟ್ಟುಕೊಟ್ಟೂ ಇರಲಿಲ್ಲ. ಇರುವೆ ಗೋಡೆಯ ಕಡೆ ಮುಖ ಮಾಡಿ ಅತ್ತಳು.

ಬುಧವಾರ ಸ್ಕೂಲಿಗೆ ರಜೆ ಇತ್ತು. ಅಕ್ಕ ಊಟದ ಡಬ್ಬಿ ಮರೆತು ಹೋಗಿದ್ದಳು. ಅಮ್ಮ ಕೆಲಸಕ್ಕೆ ಹೊರಡುವ ಮೊದಲು ಡಬ್ಬಿಯನ್ನು ಇರುವೆಯ ಕೈಗೆ ಕೊಟ್ಟು, "ಕೊಟ್ಟು ಬಾ" ಎಂದಳು.

ಸಲೂನ್‌ನಲ್ಲಿ ಅಕ್ಕ ಒಬ್ಬ ಅಜ್ಜಿಯ ಬಿಳಿ ಕೂದಲು ಕತ್ತರಿಸುತ್ತಿದ್ದಳು. ಅಜ್ಜಿ ಒಂದೇ ಸಮ ಮಾತಾಡುತ್ತಿದ್ದರು. ಅಕ್ಕ "ಹೌದಾ! ಅಯ್ಯೋ! ಆಮೇಲೆ?" ಎನ್ನುತ್ತಾ ನಗುತ್ತಿದ್ದಳು. ಅವಳ ಕಣ್ಣಿನ ಕೆಳಗೆ ಊದಿತ್ತು.

"ಯಾರಮ್ಮ ಈ ಪುಟ್ಟಿ?" ಅಜ್ಜಿ ಕನ್ನಡಿಯೊಳಗಿನಿಂದ ಕೇಳಿದರು.

"ನನ್ನ ತಂಗಿ."

ಅಜ್ಜಿ ಹೋದ ಮೇಲೆ ಸಲೂನ್ ಖಾಲಿಯಾಯಿತು. ಸಲೂನಿನ ಒಡತಿ ಊಟಕ್ಕೆ ಹೋಗಿದ್ದರು. ಇರುವೆ ಪೊರಕೆ ತೆಗೆದುಕೊಂಡು ನೆಲದ ಮೇಲಿದ್ದ ಬಿಳಿ ಕೂದಲನ್ನು ಗುಡಿಸತೊಡಗಿದಳು. ಗುಡಿಸುತ್ತಲೇ ಹೇಳಿದಳು.

"ಅಕ್ಕಾ, ಸಿನಿಮಾ ತಪ್ಪಿಹೋಗುತ್ತೆ ಅಂತಾನೇ ನಾನು ಹೇಳದೆ ಇದ್ದಿದ್ದು. ಅವನು ಹೇಳಬೇಡ ಅಂದ ಅಂತ ಅಲ್ಲ. ಸಿನಿಮಾಗೋಸ್ಕರ."

ಅಕ್ಕ ಕತ್ತರಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. "ಗೊತ್ತು" ಎಂದಳು.

"ಗೊತ್ತಾ?"

"ನಿನ್ನ ವಯಸ್ಸಲ್ಲಿ ನಾನಾಗಿದ್ರೂ ಅದನ್ನೇ ಮಾಡ್ತಿದ್ದೆನೋ ಏನೋ. ಅದಕ್ಕೇ ಇನ್ನೂ ಕೋಪ ಬರುತ್ತೆ." ಅಕ್ಕ ಕತ್ತರಿ ಒರೆಸುತ್ತಲೇ ಇದ್ದಳು. ಅದು ಆಗಲೇ ಹೊಳೆಯುತ್ತಿತ್ತು. ಆಮೇಲೆ ಕೇಳಿದಳು. "ಅವಳನ್ನ ನೋಡಿದ್ಯಲ್ಲ. ಹೆಂಗಿದ್ಲು?"

ಇರುವೆಯ ಪೊರಕೆ ನಿಂತಿತು. ಚೆನ್ನಾಗಿರಲಿಲ್ಲ ಅಂದುಬಿಡಬಹುದಿತ್ತು. ಮೂಗು ದಪ್ಪ, ಹಲ್ಲು ಉಬ್ಬು ಅನ್ನಬಹುದಿತ್ತು. ಅಕ್ಕ ನಗುತ್ತಿದ್ದಳೇನೋ. ಹೋದ ಬುಧವಾರ ಅಕ್ಕನ ಮುಖ ಹಗುರವಾಗಿದ್ದು ಅವಳಿಗೆ ನೆನಪಾಯಿತು.

"ಚೆನ್ನಾಗಿದ್ಲು" ಎಂದಳು. "ಹಸಿರು ಸ್ವೆಟರ್ ಹಾಕಿದ್ಲು. ಇಬ್ಬರೂ ಹಾಡು ಕೇಳ್ತಿದ್ರು. ಅವನು... ಅವನು ಖುಷಿಯಾಗಿದ್ದ ಅಕ್ಕಾ."

ಅಕ್ಕ ಕತ್ತರಿಯನ್ನು ಕೆಳಗಿಟ್ಟಳು. ಇರುವೆ ಮೂಲೆಯಲ್ಲಿದ್ದ ಸಿಂಕ್ ಕಡೆ ನೋಡಿದಳು. ಅಕ್ಕ ಅಲ್ಲಿಗೆ ಹೋಗಿ ನಲ್ಲಿ ಬಿಡುತ್ತಾಳೆ ಎಂದುಕೊಂಡಳು. ಆದರೆ ಅಕ್ಕ ಅಲ್ಲೇ, ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ಕೂತು, ತಂಗಿಯ ಎದುರಿಗೇ, ಮುಖ ಮುಚ್ಚಿಕೊಳ್ಳದೆ ಅತ್ತಳು. ನಿಲ್ಲಿಸಲು ನೋಡಲಿಲ್ಲ.

ಇರುವೆ ಅಳಬೇಡ ಎನ್ನಲಿಲ್ಲ. ಪಕ್ಕಕ್ಕೆ ಹೋಗಿ, ಕುರ್ಚಿಯ ಕೈ ಹಿಡಿದು ನಿಂತಳು. ಅಕ್ಕ ಅವಳ ಫ್ರಾಕಿನ ತುದಿಯಲ್ಲಿ ಮೂಗು ಒರೆಸಿಕೊಂಡಳು. ಬೇರೆ ದಿನವಾಗಿದ್ದರೆ ಇರುವೆ ಊರೆಲ್ಲ ಒಂದು ಮಾಡುತ್ತಿದ್ದಳು.

ಅಷ್ಟರಲ್ಲಿ ಗಾಜಿನ ಬಾಗಿಲಿನಾಚೆ ಒಬ್ಬ ಹೆಂಗಸು ಬಂದು ನಿಂತರು. ಬಾಗಿಲಿಗೆ ಕೈ ಹಾಕಿದರು. ಅಕ್ಕ ಗಡಬಡಿಸಿ ಕಣ್ಣು ಒರೆಸಿಕೊಳ್ಳತೊಡಗಿದಳು.

ಇರುವೆ ಓಡಿಹೋಗಿ ಬಾಗಿಲನ್ನು ಸ್ವಲ್ಪವೇ ತೆರೆದು, ತಾನು ಹೊರಗೆ ಬಂದು, ಹಿಂದಿನಿಂದ ಮುಚ್ಚಿದಳು.

"ಆಂಟಿ, ಐದು ನಿಮಿಷ ಇಲ್ಲಿ ಬೆಂಚಿನ ಮೇಲೆ ಕೂತಿರ್ತೀರಾ?"

"ಯಾಕಮ್ಮ? ಒಳಗೆ ಯಾರೂ ಇಲ್ವಾ?"

"ಇದ್ದಾರೆ. ನಮ್ಮಕ್ಕ ಇದ್ದಾಳೆ" ಎಂದಳು ಇರುವೆ. "ಅವಳಿಗೆ ಐದು ನಿಮಿಷ ಬೇಕು."

ಆ ಹೆಂಗಸು ಇರುವೆಯ ಮುಖವನ್ನೊಮ್ಮೆ ನೋಡಿದರು. ಮುಂದೆ ಏನೂ ಕೇಳದೆ ಚೀಲ ಕೆಳಗಿಟ್ಟು ಬೆಂಚಿನ ಮೇಲೆ ಕೂತರು. ಇರುವೆಯೂ ಅವರ ಪಕ್ಕದಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂತಳು. ಒಳಗಿನಿಂದ ಅಕ್ಕ ಬಿಕ್ಕುವ ಸದ್ದು ಸಣ್ಣಗೆ ಕೇಳುತ್ತಿತ್ತು. ಅದು ನಿಲ್ಲುವವರೆಗೂ ಅವಳು ತಿರುಗಿ ನೋಡಲಿಲ್ಲ.