ಕೈ ದಾಟದ ಬಟ್ಟಲು

"ಬರ್ರಿ... ಬರ್ರಿ... ಬರ್ರೆಪ್ಪೋ! ಬೆಲ್ಲ ಬರ್ರಿ, ಬೆಲ್ಲದಂಥ ಮಂದಿ ಬರ್ರಿ!"

ಯರಗಟ್ಟಿ ಸಂತೆಯ ನಡುವೆ ಪೂನಮ್ ಗಕ್ಕನೆ ನಿಂತಳು. ಕೈಯಲ್ಲಿದ್ದ ಮೆಂತ್ಯದ ಸೂಡು ಜಾರಿ ಬಿತ್ತು.

ಅಪ್ಪ!

ಅದೇ ಗೊಗ್ಗರು ದನಿ. ಅದೇ 'ಬರ್ರೆಪ್ಪೋ'. ಕೊನೆಗೆ ಅದೇ ಸಣ್ಣ ಕೆಮ್ಮು... ಆದರೆ ಈ ಸಂತೆಯಲ್ಲೇ ಬೆಲ್ಲ ಕೂಗುತ್ತಿದ್ದ ಅಪ್ಪ ಸದಾಶಿವ ತೀರಿಕೊಂಡು ವರ್ಷವಾಗುತ್ತ ಬಂದಿತ್ತಲ್ಲ! ಲಾರಿಯೊಂದು ಹೊಡೆದು, ನಿಲ್ಲದೇ ಹೋಗಿತ್ತು. ಅಂದಿನಿಂದ ಅವಳ ಎದೆಯಲ್ಲಿ ಸಿಟ್ಟು ಕಾಯಂ ಸೀಟು ಹಿಡಿದು ಕೂತಿತ್ತು.

ಜನರನ್ನು ತಳ್ಳಿಕೊಂಡು ಓಡಿದಳು. ದುಂಡಪ್ಪನ ಬೆಲ್ಲದಂಗಡಿ ಮುಂದೆ ಯಾರೋ ಯುವಕ, ಕೈಯಲ್ಲಿ ಮೈಕು. ಪಕ್ಕದ ಬೇವಿನ ನೆರಳಲ್ಲಿ ಅವಳ ಅವ್ವ ಕಾಡವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

'ನಮ್ಮವ್ವನ್ನೂ ಅಳಸ್ಯಾನ!'

"ಯಾವನಲೇ ನೀ? ಸತ್ತವರ ದನಿ ಮಾರ್ಕೊಂಡು ತಿಂತೀಯೇನು?"

ಮೈಕು ಕಸಿದಳು. ಬೀಸಿದಳು. ಅವನ ತುಟಿ ಒಡೆದು ರಕ್ತ ಜಿನುಗಿತು.

"ಪೂನಮ್, ತಡಿಯವ್ವಾ..." ಕಾಡವ್ವ ಏಳಲು ಹೋದಳು. ಆ ಯುವಕ ಅವಳತ್ತ ನೋಡಿ ಬೇಡವೆಂಬಂತೆ ತಲೆಯಾಡಿಸಿದ. ಪೂನಮ್ ಅದನ್ನು ಕಾಣಲಿಲ್ಲ. ಮೈಕು ಮುರಿದಿತ್ತು, ಮೈ ಕುದಿಯುತ್ತಿತ್ತು!

ಅವನು ಗಾಬರಿಯಲ್ಲಿ ಬಾಯಿ ತೆರೆದ. ಹೊರಬಂದದ್ದು ಬಸ್ ಕಂಡಕ್ಟರನ ದನಿ! "ತಪ್ಪಾತ್ರಿ ಅಕ್ಕಾರ... ಮುಂದ ಸರೀರಿ... ಚೂರು ಮುಂದ ಸರೀರಿ..."

ಸಂತೆಗೆ ಸಂತೆಯೇ ನಕ್ಕಿತು.

ಪೂನಮ್‌ಳ ಕಣ್ಣಲ್ಲಿ ನೀರು ತುಂಬಿತು. "ಕ್ಷಮೆ ಕೇಳೂದೂ ನಿನಗ ಚ್ಯಾಷ್ಟೀನ?"

"ಬೈಬ್ಯಾಡವ್ವಾ," ದುಂಡಪ್ಪ ಮೆಲ್ಲಗೆ ಹೇಳಿದ. "ಯುವರಾಜ ಅಂತ, ರಾಮದುರ್ಗದಾಂವ. ಸಂತಿ ಸಂತಿ ತಿರುಗಿ ಮಂದಿ ದನಿ ಕಲೀತಾನ, ನಿಮ್ಮಪ್ಪಂದೂ ಹಂಗ ಕಲತಾಂವ. ಹೆದರಿದ್ರ ಹಂಗ, ಯಾರದರ ದನ್ಯಾಗ ಅಡಗತಾನ. ಅವನ ಸ್ವಂತ ದನಿ ನಾನೂ ಕೇಳಿಲ್ಲ."

ಹೆಸರು ಕಿವಿಗೆ ಬಿತ್ತು; ಮಿಕ್ಕದ್ದಕ್ಕೆ ಅವಳು ಕಿವಿಗೊಡಲಿಲ್ಲ. ಮನೆಯಲ್ಲಿ ಅವ್ವ ಬಾಯಿ ತೆರೆದಾಗಲೂ ಪೂನಮ್‌ಳದು ಒಂದೇ ಮಾತು: "ಅವನ ಹೆಸರ ಎತ್ತಬ್ಯಾಡ!"

ಭಾನುವಾರ ಪ್ರಾರ್ಥನಾ ಮಂದಿರಕ್ಕೆ ಹೋದರೆ... ಗಂಡಸರ ಸಾಲಿನ ತುದಿಯಲ್ಲಿ ಅವನೇ! ತುಟಿಗೆ ಪಟ್ಟಿ.

'ಇವನೂ ನಮ್ಮ ಸಭೆಗೇನು? ಸ್ವಾಮೀ, ನಿನಗ ಬ್ಯಾರೆ ಜಾಗ ಸಿಗಲಿಲ್ಲೇನು?'

ಅಂದು ಕರ್ತನ ಭೋಜನದ ದಿನ. ಆ ಪುಟ್ಟ ಸಭೆಯಲ್ಲಿ ದ್ರಾಕ್ಷಾರಸದ ಬಟ್ಟಲು ಒಂದೇ. ಕೈಯಿಂದ ಕೈಗೆ ಹೋಗುತ್ತದೆ. ಕೊಡುವವರು ಪಕ್ಕದವರ ಹೆಸರು ಹಿಡಿದು ಕರೆದೇ ಕೊಡಬೇಕು. ಎದೆಯಲ್ಲಿ ಹಗೆ ಇದ್ದವರು ಕುಡಿಯುವಂತಿಲ್ಲ. ಬಟ್ಟಲನ್ನು ಬೆಂಚಿನ ಮೇಲಿಟ್ಟುಬಿಡುತ್ತಾರೆ. ಮುಂದಿನವರು ಎತ್ತಿಕೊಳ್ಳುತ್ತಾರೆ. ಯಾರೂ ಏನೂ ಕೇಳುವುದಿಲ್ಲ.

ಅಪ್ಪ ಹೋದಾಗಿನಿಂದ ಪೂನಮ್ ಪ್ರತಿಸಲವೂ ಬೆಂಚಿಗೇ ಇಟ್ಟಿದ್ದಳು. ಲಾರಿಯವನ ಮೇಲೆ ಸಿಟ್ಟು. ದೇವರ ಮೇಲೆ ಸಿಟ್ಟು. ಈಗ ಇವನೊಬ್ಬ ಸೇರಿದ್ದ.

ಗಂಡಸರ ಸಾಲು ಮುಗಿದು ಬಟ್ಟಲು ಯುವರಾಜನ ಕೈಗೆ ಬಂತು. ಅವನು ದಾಟಿಸಬೇಕಾದದ್ದು ಹೆಂಗಸರ ಸಾಲಿನ ಮೊದಲ ಬೆಂಚಿಗೆ... ಅಲ್ಲಿ ಕೂತವಳು ಪೂನಮ್!

ಅವನು ಕುಡಿಯಲಿಲ್ಲ. ಬಟ್ಟಲನ್ನು ಬೆಂಚಿನ ಮೇಲಿಟ್ಟ.

"ಯಾಕೋ ತಮ್ಮಾ? ಯಾರ ಮ್ಯಾಲೆ ಸಿಟ್ಟು?" ತಡೆಯಲಾರದೆ ಸಭಾಪಾಲಕ ನೀಲಪ್ಪ ಕೇಳಿಯೇಬಿಟ್ಟರು.

"ನನಗ ಯಾರ ಮ್ಯಾಲೂ ಇಲ್ರಿ..." ಗಾಯದ ತುಟಿ ಈಗ ಬಾತುಕೊಂಡು, ಬೇರೆ ಯಾರ ದನಿಯೂ ಅವನ ಬಾಯಿಗೆ ಬಾರದು. ತೆಳ್ಳಗೆ, ಅಲ್ಲಲ್ಲಿ ಒಡೆಯುವ ದನಿ. "ಒಬ್ರಿಗೆ ನನ್ನ ಮ್ಯಾಲೆ ಐತ್ರಿ. ಅವರು ಕುಡೀದ ನಾ ಹೆಂಗ ಕುಡೀಲಿ? ಕಾಯತೇನ್ರಿ."

ಪೂನಮ್‌ಳ ಮುಷ್ಟಿ ಬಿಗಿಯಿತು. 'ನಾಟಕ! ಇದೂ ಯಾರದೋ ದನಿ!'

ಆದರೆ ಆ ದನಿ ನಡುಗುತ್ತಿತ್ತು. ಕಲಿತದ್ದು ಹಾಗೆ ನಡುಗುವುದಿಲ್ಲ.

ಬಟ್ಟಲಿನತ್ತ ನೋಡಿದಳು. ಅದು ಯಾರ ಬಟ್ಟಲು? ಜನ ಹೊಡೆದರು, ಉಗುಳಿದರು, ಶಿಲುಬೆಗೆ ಮೊಳೆ ಜಡಿದರು... ಆದರೂ ಹೊಡೆದವರಿಗಾಗಿಯೇ ಬೇಡಿಕೊಂಡವನ ಬಟ್ಟಲು. ಇಷ್ಟು ದಿನ ಅವಳು ತನ್ನನ್ನು ಪೆಟ್ಟು ತಿಂದವರ ಸಾಲಿನಲ್ಲೇ ಎಣಿಸಿಕೊಂಡಿದ್ದಳು. ಎದುರಿಗಿದ್ದವನ ತುಟಿಯ ಪಟ್ಟಿ ಬೇರೆಯದೇ ಹೇಳುತ್ತಿತ್ತು.

'ಹೊಡದಾಕಿ ನಾನ... ಸ್ವಾಮೀ, ಈ ಸಿಟ್ಟು ನಾ ಹಿಡದೇನೋ, ಅದ ನನ್ನ ಹಿಡದೈತೋ! ನನ್ನ ಕೈಲೆ ಬಿಡ್ಸಾಕ ಆಗವಲ್ದು. ನೀನ ಬಿಡ್ಸು...'

ಕಾದಳು. ಆಕಾಶವೇನೂ ಬಿರಿಯಲಿಲ್ಲ. ಬೆರಳುಗಳಷ್ಟೇ ಒಂದೊಂದಾಗಿ ಬಿಚ್ಚಿಕೊಂಡವು.

ಎದ್ದಳು. ಬಟ್ಟಲನ್ನೆತ್ತಿ, ಉಲ್ಟಾ ದಿಕ್ಕಿಗೆ, ಅವನ ಕಡೆಗೇ ಹಿಡಿದಳು.

"ಯುವರಾಜ... ತಪ್ಪು ನಂದು. ಕುಡಿ."

ಅವನು ಕುಡಿದ. ನೋವಿಗೆ ಮುಖ ಹಿಂಡಿದ. ಮರಳಿ ಚಾಚಿದ.

"ಪೂನಮ್..."

ಅಪ್ಪ ಹೋದ ಮೇಲೆ ಮೊದಲ ಸಲ ಅವಳು ಆ ಬಟ್ಟಲಿಗೆ ತುಟಿಯಿಟ್ಟಳು. ಪಕ್ಕದಲ್ಲಿ ಕೂತ ಅವ್ವನ ಹೆಸರು ಕರೆಯಬೇಕು... ಅಳುವೇ ಬಂತು.

ಆರಾಧನೆ ಮುಗಿದ ಮೇಲೆ, ಅಂಗಳದ ಹುಣಸೆ ಮರದಡಿ ಕಾಡವ್ವ ಮಗಳ ಕೈ ಹಿಡಿದಳು.

"ಒಂದ ಮಾತು ಹೇಳ್ಲೇನು? ಸಿಟ್ಟಾಗಬ್ಯಾಡ... ಆ ಸಂತಿ ದಿನ ನಾನ ಅವಗ ಕೇಳಿದ್ದೆ. ಒಮ್ಮಿ ಅವರಂಗ ಕರೀಪಾ, ಕೇಳ್ಬೇಕನಸೈತಿ ಅಂತ."

"ಅವ್ವಾ!" ಎದೆಯಲ್ಲಿ ಹಳೆಯ ಬೆಂಕಿ ಭಗ್ಗೆಂದಿತು. "ಅವಗ ರಕ್ತಾ ಬಂದ್ರೂ ಬಾಯಿ ಬಿಡಲಿಲ್ಲಲ್ಲ ನೀ?"

"ಹೆಂಗ ಬಿಡ್ಲಿ? ನಿಮ್ಮಪ್ಪನ ಹೆಸರು ತಗದ್ರ ಉರದ ಬೀಳ್ತಿದ್ದಿ. ನಿನಗ ಹೆದರಿದ್ದೆನವ್ವಾ..."

ಹೆತ್ತ ತಾಯಿಯೇ ತನಗೆ ಹೆದರುತ್ತಿದ್ದಳು! ಬೆಂಕಿ ಅಲ್ಲೇ ತಣ್ಣಗಾಯಿತು. ಅವ್ವನನ್ನು ಬಾಚಿ ತಬ್ಬಿಕೊಂಡಳು. ಆಮೇಲೆ ನೇರ ಯುವರಾಜನ ಬಳಿ ನಡೆದಳು.

"ನೀನರ ಹೇಳ್ಬೇಕಿತ್ತಲ್ಲ?"

"ಅವರೂ ನೀವೂ ಜಗಳಾಡ್ಬಾರದು ಅಂತ..." ನೆಲ ನೋಡಿದ. "ತುಟಿ ಇನ್ನೊಂದ ವಾರಕ್ಕ ಮಾಯತೈತ್ರಿ. ಮನಿ ಒಡದ್ರ ಮಾಯಂಗಿಲ್ರಿ."

ಅವಳ ಕಣ್ಣು ತುಂಬಿದವು, ತುಟಿ ನಕ್ಕಿತು. "ಈಗ ಮಾತಾಡಿದ್ದು ಯಾರ ದನಿ?"

"ನಂದರೀ... ಚಲೋ ಇಲ್ಲಂತ ಯಾರಿಗೂ ಕೇಳಸಂಗಿಲ್ಲ."

"ನನಗ ಬೇಕದು."

"ಎಷ್ಟ ದಿನಕ್ಕರಿ?"

"ಮೊದಲ ಆ 'ರಿ' ಬಿಡು. ಆಮ್ಯಾಲ ಹೇಳತೇನಿ."

ಅವನ ಕೆನ್ನೆ ಕೆಂಪೇರಿತು. ಎಷ್ಟೋ ಹೊತ್ತು ತಡವರಿಸಿದ.

"ಪೂನಮ್..."

"ಹ್ಞಾಂ?"

"ಏನಿಲ್ಲ... ಸುಮ್ನ ಕರದೆ."

"ಕರೀ," ಅವಳು ಮೆಲ್ಲಗೆ ಅಂದಳು. "ನಾ ಎಲ್ಲಿಗೂ ಹೋಗಂಗಿಲ್ಲ."